ಉಗಿ ರೈಲು ಎಂಜಿನ್ ಮಾದರಿಗಳನ್ನು ವಿಮಾನದಲ್ಲಿ ಕೊಂಡೊಯ್ಯುವ ಬಗ್ಗೆ ನಾಗರಿಕರಿಗೆ ಮಾಹಿತಿ

ವಿಜಯನಗರ, ರಾಜಾಜಿನಗರ, ಬಸವೇಶ್ವರನಗರ ಹಾಗೂ ಕೆಂಗೇರಿ ಭಾಗದ ಕೆಲವು ನಾಗರಿಕರು ತಾವು ತಯಾರಿಸಿದ ಅಥವಾ ಖರೀದಿಸಿದ ಉಗಿ ರೈಲು ಎಂಜಿನ್ ಮಾದರಿಗಳನ್ನು ವಿಮಾನದಲ್ಲಿ ಕೊಂಡೊಯ್ಯಲು 'ನಿರಾಕ್ಷೇಪಣಾ ಪತ್ರ' ನೀಡುವಂತೆ ಕೋರಿ ಅರ್ಜಿ ಸಲ್ಲಿಸುತ್ತಿರುವುದು ಗಮನಕ್ಕೆ ಬಂದಿರುತ್ತದೆ. ಈ ಬಗ್ಗೆ ಪ್ರತಿಯೊಬ್ಬ ಅರ್ಜಿದಾರರಿಗೂ ಪ್ರತ್ಯೇಕ ಹಿಂಬರಹ ನೀಡುವುದಕ್ಕಿಂತ, ತಿಳಿದಿರಬೇಕಾದ ಎಲ್ಲ ಅಂಶಗಳನ್ನು ಒಂದೆಡೆ ವಿವರಿಸುವುದು ಸೂಕ್ತವೆಂದು ಭಾವಿಸಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ.

ಮೊದಲಿಗೆ ಸ್ಪಷ್ಟಪಡಿಸಬೇಕಾದ ವಿಷಯವೆಂದರೆ, ಅಂತಹ ನಿರಾಕ್ಷೇಪಣಾ ಪತ್ರವನ್ನು ರಾಜ್ಯ ಸರ್ಕಾರದ ಯಾವುದೇ ಕಚೇರಿಯು ನೀಡುವುದಿಲ್ಲ. ಬೆಂಗಳೂರು ಒನ್ ಕೇಂದ್ರದಲ್ಲಾಗಲೀ ಪೊಲೀಸ್ ಠಾಣೆಯಲ್ಲಾಗಲೀ ಅದಕ್ಕೆ ನಮೂನೆ ಇರುವುದಿಲ್ಲ. ನೋಟರಿಯವರ ಮುಂದೆ ಪ್ರಮಾಣ ಪತ್ರ ಮಾಡಿಸಿಕೊಂಡು ಹೋದರೂ ಅದು ವಿಮಾನ ನಿಲ್ದಾಣದ ಭದ್ರತಾ ಸಿಬ್ಬಂದಿಯನ್ನು ಬದ್ಧಗೊಳಿಸುವುದಿಲ್ಲ. ಛಾಪಾ ಕಾಗದಕ್ಕೆ ವ್ಯಯಿಸುವ ಹಣವನ್ನು ಒಂದು ಗಟ್ಟಿಯಾದ ಪೆಟ್ಟಿಗೆಗೆ ವ್ಯಯಿಸುವುದು ಹೆಚ್ಚು ಪ್ರಯೋಜನಕರ.

ಯಾರು ತಪಾಸಣೆ ಮಾಡುತ್ತಾರೆ

ಬೆಂಗಳೂರಿನ ನಾಗರಿಕ ವಿಮಾನ ಸಂಚಾರವು 2008ರ ಮೇ ತಿಂಗಳಿನಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದಿಂದ ದೇವನಹಳ್ಳಿಗೆ ಸ್ಥಳಾಂತರಗೊಂಡಿತು. 2013ರಲ್ಲಿ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣವೆಂದು ನಾಮಕರಣಗೊಂಡ ಈ ನಿಲ್ದಾಣದಲ್ಲಿ 2023ರ ಜನವರಿಯಿಂದ ಎರಡನೇ ಟರ್ಮಿನಲ್ ಸಹ ಪ್ರಯಾಣಿಕರಿಗೆ ತೆರೆದಿರುತ್ತದೆ. ಪ್ರಯಾಣಿಕರ ಹಾಗೂ ಕೈಚೀಲಗಳ ತಪಾಸಣೆಯನ್ನು ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯವರು ನಿರ್ವಹಿಸುತ್ತಾರೆ. ಅವರು ಅನುಸರಿಸುವ ನಿಯಮಗಳನ್ನು ಕೇಂದ್ರ ಸರ್ಕಾರದ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ ನಿಗದಿಪಡಿಸುತ್ತದೆ. ಅಪಾಯಕಾರಿ ಸರಕುಗಳ ವಿಷಯವು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ವ್ಯಾಪ್ತಿಗೆ ಬರುತ್ತದೆ. ಈ ಸಂಬಂಧ 2003ರಲ್ಲಿ ರೂಪಿಸಲಾದ ನಿಯಮಗಳು ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ತಾಂತ್ರಿಕ ಸೂಚನೆಗಳನ್ನು ಆಧರಿಸಿವೆ. ಇವೆಲ್ಲದರ ಮೇಲೆ, ತಾವು ಪ್ರಯಾಣಿಸುವ ವಿಮಾನಯಾನ ಸಂಸ್ಥೆಯು ತನ್ನದೇ ಆದ ನಿರ್ಬಂಧಗಳನ್ನು ವಿಧಿಸಬಹುದು. ಆದ್ದರಿಂದ ಪ್ರಶ್ನೆಯನ್ನು ಮೊದಲು ಕೇಳಬೇಕಾದುದು ವಿಮಾನಯಾನ ಸಂಸ್ಥೆಯನ್ನು; ಉತ್ತರವನ್ನು ಇಮೇಲ್ ಮೂಲಕ ಲಿಖಿತವಾಗಿ ಪಡೆದು ಮುದ್ರಿತ ಪ್ರತಿಯನ್ನು ಜೊತೆಯಲ್ಲಿಟ್ಟುಕೊಳ್ಳತಕ್ಕದ್ದು.

ಮಾದರಿ ಎಂಜಿನ್ನುಗಳಲ್ಲಿ ಎರಡು ಬಗೆ

ಎಲ್ಲ ಮಾದರಿಗಳಿಗೂ ಒಂದೇ ತೊಂದರೆ ಇರುವುದಿಲ್ಲ. ನೋಡಲು ಉಗಿ ಎಂಜಿನ್ನಿನಂತಿದ್ದು ಒಳಗೆ ಸಣ್ಣ ವಿದ್ಯುತ್ ಮೋಟಾರಿನಿಂದ ಓಡುವ ಮಾದರಿಗಳು ಮೊದಲನೆಯ ಬಗೆ. ಅಂಗಡಿಗಳಲ್ಲಿ ದೊರೆಯುವ, ಮೂಲ ಎಂಜಿನ್ನಿನ 87ನೇ ಒಂದು ಭಾಗದಷ್ಟು ಅಳತೆಯವು ಬಹುಪಾಲು ಈ ವರ್ಗಕ್ಕೆ ಸೇರುತ್ತವೆ. ಇವು ಕೈಯಲ್ಲಿ ಹಿಡಿಯುವಷ್ಟು ಚಿಕ್ಕವು. ಭದ್ರತೆಯ ದೃಷ್ಟಿಯಿಂದ ಆಟಿಕೆಗಳಂತೆಯೇ. ಮೂಲ ಪೆಟ್ಟಿಗೆಯಲ್ಲಿಟ್ಟು ಕೈಚೀಲದಲ್ಲಿ ಒಯ್ದರೆ ಸಾಮಾನ್ಯವಾಗಿ ಒಂದೆರಡು ಪ್ರಶ್ನೆಗಳಲ್ಲಿ ಮುಗಿಯುತ್ತದೆ.

ಎರಡನೆಯ ಬಗೆಯು ನಿಜವಾಗಿ ನೀರು ಕಾಯಿಸಿ, ಉಗಿಯ ಒತ್ತಡದಿಂದ ಓಡುವಂತಹುದು. ಇಂಗ್ಲೆಂಡಿನಲ್ಲಿ 1937ರಲ್ಲಿ ಆರಂಭವಾದ ಮಾಮೋಡ್ ಸಂಸ್ಥೆಯ ಎಂಜಿನ್ನುಗಳು, 45 ಮಿಲಿಮೀಟರು ಅಗಲದ ಹಳಿಯ ಮೇಲೆ ಓಡುವ ಅಕ್ಯುಕ್ರಾಫ್ಟ್ ಎಂಜಿನ್ನುಗಳು ಇದಕ್ಕೆ ಉದಾಹರಣೆ. ಆದರೆ ನಮ್ಮ ಭಾಗದ ಅರ್ಜಿದಾರರಲ್ಲಿ ಹಲವರದು ಖರೀದಿಸಿದ ಮಾದರಿಯಲ್ಲ, ಕೈಯಿಂದ ಮಾಡಿದ್ದು. ಇದರಲ್ಲಿ ಆಶ್ಚರ್ಯವಿಲ್ಲ. ರಾಜಾಜಿನಗರ ಕೈಗಾರಿಕಾ ವಸಾಹತು, ಕಾಮಾಕ್ಷಿಪಾಳ್ಯದ ಲೇತ್ ಅಂಗಡಿಗಳು, 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಸ್ಥಾಪಿತವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಇವೆಲ್ಲವೂ ಇಲ್ಲಿಯೇ ಇವೆ. ಮೂವತ್ತು ವರ್ಷ ಯಂತ್ರದ ಮುಂದೆ ನಿಂತು ನಿವೃತ್ತರಾದವರು ಮನೆಯ ಮಹಡಿಯ ಮೇಲೆ ಒಂದು ಸಣ್ಣ ಲೇತ್ ಇಟ್ಟುಕೊಂಡು, ಬಾಲ್ಯದಲ್ಲಿ ನಾಯಂಡಹಳ್ಳಿಯ ಹಳಿಯ ಪಕ್ಕ ನಿಂತು ನೋಡಿದ ಮೀಟರ್ ಗೇಜ್ ಎಂಜಿನ್ನನ್ನು ಹಿತ್ತಾಳೆ-ತಾಮ್ರದಲ್ಲಿ ಪುನಃ ಮಾಡುತ್ತಾರೆ. 1882ರಲ್ಲಿ ಮೈಸೂರನ್ನು ತಲುಪಿದ ಆ ಮಾರ್ಗವು ಇಂದು ಬ್ರಾಡ್ ಗೇಜ್ ಆಗಿರುತ್ತದೆ. ಅಳತೆ ತೆಗೆದುಕೊಳ್ಳಬೇಕಾದವರು 1979ರಲ್ಲಿ ಸ್ಥಾಪನೆಯಾದ ಮೈಸೂರು ರೈಲು ವಸ್ತುಸಂಗ್ರಹಾಲಯಕ್ಕೇ ಹೋಗಬೇಕು.

ಇಂತಹ ಮಾದರಿಗೆ ಬೆಲೆಪಟ್ಟಿ ಇರುವುದಿಲ್ಲ. ಕಳೆದುಹೋದರೆ ಪರಿಹಾರ ಕೇಳಲು ರಸೀದಿಯೂ ಇರುವುದಿಲ್ಲ. ಆದ್ದರಿಂದ ಮುಂದಿನ ಮಾಹಿತಿಯು ಮುಖ್ಯವಾಗಿ ಈ ಎರಡನೆಯ ಬಗೆಗೆ ಸಂಬಂಧಿಸಿದ್ದಾಗಿರುತ್ತದೆ.

ಪರದೆಯ ಮೇಲೆ ಅದು ಹೇಗೆ ಕಾಣುತ್ತದೆ

ನಾಗರಿಕರಲ್ಲಿ ಬಹಳ ಮಂದಿ "ಆಟದ ರೈಲನ್ನು ಏಕೆ ತಡೆಯುತ್ತಾರೆ?" ಎಂದು ಬೇಸರಪಡುತ್ತಾರೆ. ಇದನ್ನು ತಪಾಸಣೆ ಮಾಡುವವರ ಕಡೆಯಿಂದಲೂ ನೋಡಬೇಕಾಗುತ್ತದೆ. ಎಕ್ಸ್-ರೇ ಯಂತ್ರದ ಪರದೆಯ ಮೇಲೆ ಬಟ್ಟೆ, ಕಾಗದ, ಆಹಾರದಂತಹ ವಸ್ತುಗಳು ಕಿತ್ತಳೆ ಬಣ್ಣದಲ್ಲಿಯೂ, ಲೋಹಗಳು ನೀಲಿ ಬಣ್ಣದಲ್ಲಿಯೂ, ಇವೆರಡರ ನಡುವಿನವು ಹಸಿರಾಗಿಯೂ ಕಾಣುತ್ತವೆ. ಕಿರಣಗಳು ದಾಟಲಾರದಷ್ಟು ದಪ್ಪನೆಯ ಲೋಹವು ಕಪ್ಪಗೆ ಕಾಣುತ್ತದೆ. ಈಗ ಎಂಜಿನ್ನನ್ನು ಊಹಿಸಿಕೊಳ್ಳಿ: ಎರಡೂ ತುದಿ ಮುಚ್ಚಿದ ತಾಮ್ರದ ಕೊಳವೆ, ಅದರೊಳಗೆ ಇನ್ನಷ್ಟು ಕೊಳವೆಗಳು, ಪಕ್ಕದಲ್ಲಿ ಸಣ್ಣ ತೊಟ್ಟಿ, ಒತ್ತಡದ ಮಾಪಕ, ರೇಡಿಯೋ ನಿಯಂತ್ರಣ ಅಳವಡಿಸಿದ್ದರೆ ಬ್ಯಾಟರಿ ಮತ್ತು ತಂತಿಗಳು. ಬಾಯ್ಲರಿನಲ್ಲಿ ನೀರು ಉಳಿದಿದ್ದರೆ ಮುಚ್ಚಿದ ಲೋಹದ ಕೊಳವೆಯೊಳಗೆ ಯಾವುದೋ ದ್ರವ. ಕೆಲವು ಕ್ಷಣಗಳಲ್ಲಿ ನಿರ್ಣಯಿಸಬೇಕಾದ ಸಿಬ್ಬಂದಿಗೆ ಇದು ರೈಲಿನಂತೆ ಕಾಣಲೇಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಚೀಲವನ್ನು ತೆರೆಯಿಸುವುದು, ಸಣ್ಣ ಬಟ್ಟೆಯ ತುಂಡಿನಿಂದ ಒರೆಸಿ ಸ್ಫೋಟಕದ ಕುರುಹುಗಳ ಪರೀಕ್ಷೆ ಮಾಡುವುದು ಅವರ ಕರ್ತವ್ಯದ ಭಾಗ.

ಆದ್ದರಿಂದ ಪೊಟ್ಟಣ ಕಟ್ಟುವ ರೀತಿಯಲ್ಲಿಯೇ ಅರ್ಧ ಸಮಸ್ಯೆ ಪರಿಹಾರವಾಗುತ್ತದೆ. ಹಳೆಯ ದಿನಪತ್ರಿಕೆಯಲ್ಲಿ ಸುತ್ತಿ, ಮೇಲೆ ಕಂದು ಬಣ್ಣದ ಟೇಪನ್ನು ಹತ್ತು ಸುತ್ತು ಬಿಗಿಯುವ ಅಭ್ಯಾಸ ನಮ್ಮಲ್ಲಿದೆ. ದಯವಿಟ್ಟು ಹಾಗೆ ಮಾಡಬೇಡಿ. ಎಂಜಿನ್ನಿನ ಆಕಾರಕ್ಕೆ ತಕ್ಕಂತೆ ಕತ್ತರಿಸಿದ ಸ್ಪಂಜಿನೊಳಗೆ ಅದನ್ನು ಕೂರಿಸಿ, ಒಂದು ನಿಮಿಷದಲ್ಲಿ ತೆರೆದು ಮುಚ್ಚಲು ಬರುವಂತಹ ಪೆಟ್ಟಿಗೆಯಲ್ಲಿಡತಕ್ಕದ್ದು. ಬಾಯ್ಲರಿನ ನೀರು ತುಂಬುವ ಮುಚ್ಚಳವನ್ನು ಮತ್ತು ಸೇಫ್ಟಿ ವಾಲ್ವನ್ನು ಬಿಚ್ಚಿ ಪಕ್ಕದಲ್ಲಿಯೇ ಸಣ್ಣ ಚೀಲದಲ್ಲಿಟ್ಟರೆ, ಒತ್ತಡ ಹಿಡಿದಿಡುವ ಪಾತ್ರೆ ಅದಲ್ಲವೆಂಬುದು ಕಣ್ಣಿಗೇ ಕಾಣುತ್ತದೆ. ಎಂಜಿನ್ ಹಳಿಯ ಮೇಲೆ ಓಡುತ್ತಿರುವ ಒಂದು ಛಾಯಾಚಿತ್ರ, ತಯಾರಿಕೆಯ ನಕ್ಷೆ ಅಥವಾ ಖರೀದಿ ರಸೀದಿಯನ್ನು ಮುಚ್ಚಳದ ಒಳಭಾಗಕ್ಕೆ ಅಂಟಿಸಬಹುದು. ಭದ್ರತಾ ಸಿಬ್ಬಂದಿಯವರು ದೇಶದ ನಾನಾ ರಾಜ್ಯಗಳಿಂದ ಬಂದವರಾಗಿರುವುದರಿಂದ ವಿವರಣೆಯನ್ನು ಕನ್ನಡದ ಜೊತೆಗೆ ಹಿಂದಿ ಹಾಗೂ ಇಂಗ್ಲಿಷಿನಲ್ಲಿಯೂ ಬರೆದಿಡುವುದು ಒಳ್ಳೆಯದು. ನೂರು ಮಾತಿಗಿಂತ ಆ ಛಾಯಾಚಿತ್ರವೇ ಹೆಚ್ಚು ಉಪಯೋಗಕ್ಕೆ ಬರುತ್ತದೆಂಬುದು ಪ್ರಯಾಣ ಮಾಡಿ ಬಂದವರ ಅನುಭವ.

ಇಂಧನ: ಇಲ್ಲಿ ವಿನಾಯಿತಿ ಇಲ್ಲ

ಎಂಜಿನ್ನಿಗೆ ಅವಕಾಶ ದೊರೆಯಬಹುದು, ಇಂಧನಕ್ಕೆ ದೊರೆಯುವುದಿಲ್ಲ. ಕೈಚೀಲದಲ್ಲಿಯೂ ಇಲ್ಲ, ಕೌಂಟರಿನಲ್ಲಿ ಒಪ್ಪಿಸುವ ಸಾಮಾನಿನಲ್ಲಿಯೂ ಇಲ್ಲ. ಪೇಂಟ್ ಅಂಗಡಿಗಳಲ್ಲಿ ದೊರೆಯುವ ಮೆಥಿಲೇಟೆಡ್ ಸ್ಪಿರಿಟ್ ಉರಿಯುವ ದ್ರವ. ಲೈಟರುಗಳಿಗೆ ತುಂಬುವ ಬ್ಯುಟೇನ್ ಅನಿಲದ ಡಬ್ಬಿಯು ಉರಿಯುವ ಅನಿಲ. ಮಾಮೋಡ್ ಮುಂತಾದ ಎಂಜಿನ್ನುಗಳಲ್ಲಿ ಬಳಸುವ ಬಿಳಿಯ ಬಿಲ್ಲೆಗಳು ಹೆಕ್ಸಮೀನ್ ಎಂಬ ವಸ್ತುವಿನವಾಗಿದ್ದು, ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಯುಎನ್ 1328 ಸಂಖ್ಯೆಯಡಿ ಉರಿಯುವ ಘನವಸ್ತುವೆಂದು ನಮೂದಾಗಿವೆ. ಇವು ನೋಡಲು ಔಷಧದ ಮಾತ್ರೆಯಂತಿರುವುದರಿಂದ ಪೆಟ್ಟಿಗೆಯ ಮೂಲೆಯಲ್ಲಿ ಮರೆತು ಉಳಿಯುವುದೇ ಹೆಚ್ಚು. ಕಲ್ಲಿದ್ದಲಿನಿಂದ ಓಡುವ ದೊಡ್ಡ ಮಾದರಿಗಳನ್ನು ಹೊತ್ತಿಸಲು ಸೀಮೆಎಣ್ಣೆಯಲ್ಲಿ ನೆನೆಸಿದ ಇದ್ದಿಲನ್ನು ಬಳಸುವ ಪದ್ಧತಿಯಿದೆ. ಅದನ್ನು ಡಬ್ಬಿಯಲ್ಲಿ ಹಾಕಿಕೊಂಡು ಹೋಗುವ ಯೋಚನೆಯನ್ನೇ ಬಿಡತಕ್ಕದ್ದು. ಬೆಂಕಿಪೊಟ್ಟಣ ಮತ್ತು ಲೈಟರನ್ನು ಸಹ ಮನೆಯಲ್ಲಿಯೇ ಇಟ್ಟು ಹೊರಡತಕ್ಕದ್ದು.

"ಹಾಗಾದರೆ ರೈಲಿನಲ್ಲಿಯೇ ಒಯ್ಯುತ್ತೇವೆ" ಎನ್ನುವವರಿಗೆ ಒಂದು ಸೂಚನೆ. ರೈಲ್ವೆ ಅಧಿನಿಯಮ, 1989ರ 164ನೇ ಪ್ರಕರಣದಂತೆ ಅಪಾಯಕಾರಿ ವಸ್ತುಗಳನ್ನು ಕಾನೂನುಬಾಹಿರವಾಗಿ ಕೊಂಡೊಯ್ಯುವವರಿಗೆ ಮೂರು ವರ್ಷದವರೆಗಿನ ಕಾರಾವಾಸ, ಇಲ್ಲವೇ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಎಂಜಿನ್ನನ್ನು ರೈಲಿನಲ್ಲಿ ಒಯ್ಯಬಹುದು. ಅದರ ಇಂಧನವನ್ನು ಅಲ್ಲ. ತಲುಪಿದ ಊರಿನಲ್ಲಿಯೇ ಖರೀದಿಸುವುದೊಂದೇ ದಾರಿ.

ಹಿಂದೆ ಓಡಿಸಿದ ಎಂಜಿನ್ನಿನಲ್ಲಿ ಇಂಧನದ ಶೇಷ ಉಳಿದಿರುತ್ತದೆಂಬುದನ್ನು ಮರೆಯಬಾರದು. ಪ್ರವಾಸದಲ್ಲಿ ಬಳಸುವ ಸ್ಟೌವುಗಳ ಬಗ್ಗೆ ಅಂತಾರಾಷ್ಟ್ರೀಯ ನಿಯಮಗಳಲ್ಲಿ ಒಂದು ಕ್ರಮವನ್ನು ಹೇಳಲಾಗಿದೆ: ದ್ರವ ಇಂಧನದ ತೊಟ್ಟಿಯನ್ನು ಕನಿಷ್ಠ ಒಂದು ಗಂಟೆ ಬೋರಲು ಹಾಕಿ ಬಸಿಯಬೇಕು, ನಂತರ ಮುಚ್ಚಳವಿಲ್ಲದೆ ಕನಿಷ್ಠ ಆರು ಗಂಟೆ ಆರಲು ಬಿಡಬೇಕು, ಆ ಮೇಲೆ ಮುಚ್ಚಳ ಬಿಗಿದು, ಹೀರುವ ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಕು. ಹೀಗೆ ಮಾಡಿದ ಮೇಲೂ ವಿಮಾನಯಾನ ಸಂಸ್ಥೆಯ ಒಪ್ಪಿಗೆ ಬೇಕು ಹಾಗೂ ಅದನ್ನು ಕೌಂಟರಿನಲ್ಲಿ ಒಪ್ಪಿಸುವ ಸಾಮಾನಿನಲ್ಲಿಯೇ ಇಡಬೇಕು. ಸ್ಪಿರಿಟ್ ಬರ್ನರುಗಳಿಗೂ ಇದೇ ಕ್ರಮವನ್ನು ಅನುಸರಿಸುವುದು ಸೂಕ್ತ. ಬರ್ನರಿನ ಬತ್ತಿಯನ್ನು ತೆಗೆದು ಎಸೆದು ಊರಿನಲ್ಲಿ ಹೊಸದನ್ನು ಹಾಕಿಕೊಳ್ಳಬಹುದು, ಏಕೆಂದರೆ ವಾಸನೆ ನಿಲ್ಲುವುದು ಬತ್ತಿಯಲ್ಲಿಯೇ. ಅನಿಲದ ತೊಟ್ಟಿಯಿರುವ ಎಂಜಿನ್ನಾದರೆ, ಬಿಚ್ಚಲು ಬರುವಂತಿದ್ದಲ್ಲಿ ತೊಟ್ಟಿಯನ್ನು ಬಿಚ್ಚಿ ಮನೆಯಲ್ಲಿಯೇ ಇಡುವುದು ಲೇಸು. ಖಾಲಿಯಾಗಿದೆಯೆಂದು ನಾವು ಹೇಳುವ ಅನಿಲದ ಪಾತ್ರೆಯನ್ನು ನಂಬಲು ಯಾರಿಗೂ ಕಾರಣವಿಲ್ಲ.

ಒಂದು ಪ್ರಕರಣ

ಹೆಸರು ಮತ್ತು ಸ್ಥಳವನ್ನು ಉಲ್ಲೇಖಿಸದೆ ಒಂದು ಪ್ರಕರಣವನ್ನು ಇಲ್ಲಿ ತಿಳಿಸುವುದು ಅವಶ್ಯವೆನಿಸುತ್ತದೆ. ಉಪಕರಣಾಗಾರವೊಂದರಿಂದ ನಿವೃತ್ತರಾದ ವಿಜಯನಗರದ ಹಿರಿಯರೊಬ್ಬರು ಒಂಬತ್ತು ವರ್ಷ ದುಡಿದು ಒಂದು ಎಂಜಿನ್ ಮಾಡಿದ್ದರು. ಮಗಳ ಊರಿಗೆ ಹೋಗಿ ಮೊಮ್ಮಗನ ಮುಂದೆ ಓಡಿಸಿ, ಅದೇ ಎಂಜಿನ್ನನ್ನು ಜೊತೆಯಲ್ಲಿ ವಾಪಸು ತರುತ್ತಿದ್ದರು. ಹೋಗುವಾಗ ಸಾಮಾನಿನಲ್ಲಿ ಒಪ್ಪಿಸಿದ್ದ ಎಂಜಿನ್ನನ್ನು, ಬರುವಾಗ ಹಾಳಾದೀತೆಂಬ ಭಯದಿಂದ ಕೈಚೀಲದಲ್ಲಿಟ್ಟುಕೊಂಡರು. ಓಡಿಸಿ ಎರಡು ದಿನವೂ ಆಗಿರಲಿಲ್ಲ, ಸ್ಪಿರಿಟ್ಟಿನ ವಾಸನೆಯಿತ್ತು. ಭದ್ರತಾ ತಪಾಸಣೆಯಲ್ಲಿ ಒಪ್ಪಲಿಲ್ಲ. ಸಾಮಾನಿನ ಕೌಂಟರಿಗೆ ಹಿಂದಿರುಗುವಷ್ಟರಲ್ಲಿ ಅದು ಮುಚ್ಚಿತ್ತು. ಬೀಳ್ಕೊಡಲು ಬಂದಿದ್ದ ಅಳಿಯ ಕಾರು ನಿಲ್ಲಿಸಲು ಜಾಗವಿಲ್ಲವೆಂದು ಆಗಲೇ ಹೊರಟುಹೋಗಿದ್ದರು. ಫೋನು ಕೈಗೆ ಸಿಗಲಿಲ್ಲ. ಹಿರಿಯರ ಮುಂದಿದ್ದುದು ಎರಡೇ ಆಯ್ಕೆ: ವಿಮಾನವನ್ನು ಬಿಡುವುದು ಅಥವಾ ಎಂಜಿನ್ನನ್ನು ಬಿಡುವುದು. ಮರುದಿನ ಬೆಂಗಳೂರಿನಲ್ಲಿ ಅವರ ಪತ್ನಿಯ ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು. ಎಂಜಿನ್ನನ್ನು ಮೇಜಿನ ಮೇಲೆ ಬಿಟ್ಟು ಬಂದರು. ನಂತರ ಬರೆದ ಪತ್ರಗಳಿಂದ ಅದು ಸಿಗಲಿಲ್ಲ.

ಅವರು ನಮ್ಮಲ್ಲಿಗೆ ಬಂದದ್ದು ದೂರು ಕೊಡಲು ಅಲ್ಲ. ಮುಂದೆ ಹೋಗುವವರಿಗೆ ಏನು ಹೇಳಬೇಕೆಂದು ಒಂದು ಹಾಳೆಯಲ್ಲಿ ಬರೆದು ತಂದಿದ್ದರು. ಕೆಳಗಿನ ಎರಡು ಕಂಡಿಕೆಗಳಲ್ಲಿರುವ ಹೆಚ್ಚಿನ ಅಂಶಗಳು ಆ ಹಾಳೆಯವು.

ಹೊರಡುವ ದಿನ

ಓಡಿಸಿದ ಉಗಿ ಎಂಜಿನ್ನನ್ನು ಕೈಚೀಲದಲ್ಲಿ ಒಯ್ಯದಿರುವುದೇ ಉತ್ತಮ. ಕೌಂಟರಿನಲ್ಲಿ ಸಿಬ್ಬಂದಿಗೆ ತಾವೇ ಮೊದಲು ತಿಳಿಸಿ, ಪೆಟ್ಟಿಗೆಯನ್ನು ತೆರೆದು ತೋರಿಸಿ, ಅವರ ಒಪ್ಪಿಗೆಯ ನಂತರವೇ ಮುಚ್ಚಿಸತಕ್ಕದ್ದು. ದೇಶೀಯ ವಿಮಾನಗಳಲ್ಲಿ ಬಹುಪಾಲು ಸಂಸ್ಥೆಗಳ ಕೌಂಟರು ಹೊರಡುವ ವೇಳೆಗೆ 60 ನಿಮಿಷ ಮೊದಲೇ ಮುಚ್ಚುತ್ತದೆ. ವಿಜಯನಗರದಿಂದ ದೇವನಹಳ್ಳಿಯ ನಿಲ್ದಾಣಕ್ಕೆ ಸುಮಾರು 40 ಕಿಲೋಮೀಟರು. ನಗರದ ಸಂಚಾರವನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ವಾಯು ವಜ್ರ ಬಸ್ಸಿನಲ್ಲಿ ಹೋಗುವವರು ಪೆಟ್ಟಿಗೆಯನ್ನು ಸಾಮಾನಿನ ಕಟ್ಟೆಯ ಅಡಿಯ ಸಾಲಿನಲ್ಲಿಡಿ. ಎಂದಿಗಿಂತ ಒಂದು ಗಂಟೆ ಮೊದಲು ತಲುಪುವಂತೆ ಯೋಜಿಸಿಕೊಳ್ಳತಕ್ಕದ್ದು.

ಬೀಳ್ಕೊಡಲು ಬಂದವರನ್ನು ತಮ್ಮ ಭದ್ರತಾ ತಪಾಸಣೆ ಪೂರ್ಣಗೊಳ್ಳುವವರೆಗೆ ಹೊರಡಲು ಬಿಡಬಾರದು. ಟಿಕೆಟ್ಟಿಲ್ಲದವರಿಗೆ ಟರ್ಮಿನಲ್ ಒಳಗೆ ಪ್ರವೇಶವಿಲ್ಲದ ಕಾರಣ ಅವರು ಹೊರಗಡೆಯೇ, ಫೋನು ಕೈಯಲ್ಲಿಟ್ಟುಕೊಂಡು ಕಾಯಬೇಕಾಗುತ್ತದೆ. ತಡೆಯಲ್ಪಟ್ಟ ವಸ್ತುವನ್ನು ಅವರ ಕೈಗೆ ಒಪ್ಪಿಸಿ ಬರಲು ಸಿಬ್ಬಂದಿಯನ್ನು ವಿನಯದಿಂದ ಕೋರಬಹುದು. ಕೊನೆಯ ತೀರ್ಮಾನ ಭದ್ರತಾ ಸಿಬ್ಬಂದಿಯವರದು. ಅಲ್ಲಿ ವಾದಕ್ಕೆ ಇಳಿಯುವುದರಿಂದ ಸಮಯ ಹೋಗುವುದೇ ಹೊರತು ಬೇರೇನೂ ಆಗುವುದಿಲ್ಲ. 'ಬಾಂಬ್' ಎಂಬ ಪದವನ್ನು ತಮಾಷೆಗೂ ಉಚ್ಚರಿಸತಕ್ಕದ್ದಲ್ಲ. ಬಾಯ್ಲರನ್ನು 'ಬಾಂಬಿನ ತರಹ ಇದೆ' ಎಂದು ತಾವೇ ಹೇಳಿ ಪೇಚಿಗೆ ಸಿಲುಕಿದವರೂ ಇದ್ದಾರೆ.

ತೂಕದ ಬಗ್ಗೆಯೂ ಗಮನವಿರಲಿ. ಸಾಮಾನ್ಯ ದರ್ಜೆಯ ಪ್ರಯಾಣಿಕರಿಗೆ ಒಂದೇ ಕೈಚೀಲ, ಅದೂ ಸಾಮಾನ್ಯವಾಗಿ 7 ಕಿಲೋಗ್ರಾಂ ಮೀರದಂತೆ ಅವಕಾಶವಿರುತ್ತದೆ. ಹಿತ್ತಾಳೆಯ ಎಂಜಿನ್ ಮತ್ತು ಅದರ ಟೆಂಡರ್ ಸೇರಿದರೆ ಆ ಮಿತಿಗೆ ಹತ್ತಿರ ಬಂದುಬಿಡುತ್ತದೆ. ಒಬ್ಬ ಮನುಷ್ಯ ಕುಳಿತು ಓಡಿಸುವಂತಹ 5 ಅಂಗುಲ ಗೇಜಿನ ಮಾದರಿಗಳು ಹತ್ತಾರು ಕಿಲೋಗ್ರಾಂ ತೂಗುತ್ತವೆ. ಒಂದೇ ಪೊಟ್ಟಣದಲ್ಲಿ 32 ಕಿಲೋಗ್ರಾಂ ಮೀರಿದ ಸಾಮಾನನ್ನು ವಿಮಾನಯಾನ ಸಂಸ್ಥೆಗಳು ಸ್ವೀಕರಿಸುವುದಿಲ್ಲವಾದ್ದರಿಂದ ಅವನ್ನು ಸರಕು ವಿಭಾಗದ ಮೂಲಕವೇ ಕಳುಹಿಸಬೇಕು. ಸ್ಕ್ರೂಡ್ರೈವರ್, ಪಾನ, ಇಕ್ಕಳ ಮುಂತಾದ ಉಪಕರಣಗಳು ಹಾಗೂ ಹಳಿಯ ತುಂಡುಗಳು ಒಪ್ಪಿಸುವ ಸಾಮಾನಿನಲ್ಲಿರಲಿ.

ಬ್ಯಾಟರಿಯ ವಿಷಯದಲ್ಲಿ ನಿಯಮ ತಿರುವುಮುರುವು. ಬಿಡಿ ಲಿಥಿಯಂ ಬ್ಯಾಟರಿ ಮತ್ತು ಪವರ್ ಬ್ಯಾಂಕನ್ನು ಒಪ್ಪಿಸುವ ಸಾಮಾನಿನಲ್ಲಿಡುವಂತಿಲ್ಲ. ತುದಿಗಳಿಗೆ ಟೇಪು ಅಂಟಿಸಿ ಕೈಚೀಲದಲ್ಲಿಯೇ ಇಡತಕ್ಕದ್ದು. 100 ವ್ಯಾಟ್-ಗಂಟೆಯವರೆಗೆ ಪೂರ್ವಾನುಮತಿ ಬೇಡ. 100ರಿಂದ 160ರವರೆಗೆ ವಿಮಾನಯಾನ ಸಂಸ್ಥೆಯ ಅನುಮತಿಯೊಂದಿಗೆ ಎರಡು ಬಿಡಿ ಬ್ಯಾಟರಿಗಳು. ಅದಕ್ಕೂ ಮೀರಿದರೆ ನಿಷಿದ್ಧ. ಲೆಕ್ಕ ಸುಲಭ: ವೋಲ್ಟನ್ನು ಆಂಪಿಯರ್-ಗಂಟೆಯಿಂದ ಗುಣಿಸಿದರಾಯಿತು. 7.4 ವೋಲ್ಟಿನ 2 ಆಂಪಿಯರ್-ಗಂಟೆಯ ಬ್ಯಾಟರಿಯು 14.8 ವ್ಯಾಟ್-ಗಂಟೆಯಾಗುತ್ತದೆ, ಅಂದರೆ ಮಾದರಿ ಎಂಜಿನ್ನಿನ ಬ್ಯಾಟರಿಗಳು ಮಿತಿಯೊಳಗೇ ಇರುತ್ತವೆ.

ಬಾಯ್ಲರ್ ಪ್ರಮಾಣ ಪತ್ರ ಬೇಕೇ

ಬೇಡ. 1923ರ ಭಾರತೀಯ ಬಾಯ್ಲರುಗಳ ಅಧಿನಿಯಮದ ಸ್ಥಾನದಲ್ಲಿ ಈಗ ಬಾಯ್ಲರುಗಳ ಅಧಿನಿಯಮ, 2025 ಜಾರಿಯಲ್ಲಿದ್ದು, 25 ಲೀಟರಿಗಿಂತ ಕಡಿಮೆ ಸಾಮರ್ಥ್ಯದ ಪಾತ್ರೆಗಳು ಅದರ ಅರ್ಥದಲ್ಲಿ ಬಾಯ್ಲರುಗಳಲ್ಲ. ಮೇಜಿನ ಮೇಲಿಡುವ ಮಾದರಿಯ ಬಾಯ್ಲರಿನಲ್ಲಿ ಒಂದು ಲೀಟರು ನೀರೂ ಹಿಡಿಯುವುದಿಲ್ಲ. ಆದ್ದರಿಂದ ನೋಂದಣಿಗಾಗಿ ಅರ್ಜಿ ಸಲ್ಲಿಸುವ ಅಗತ್ಯವಿಲ್ಲ, ವಿಮಾನ ನಿಲ್ದಾಣದಲ್ಲಿ ತೋರಿಸಲು ಅಂತಹ ಪತ್ರವೂ ಇರುವುದಿಲ್ಲ.

ವಿದೇಶಕ್ಕೆ ಕೊಂಡೊಯ್ಯುವವರಿಗೆ

ಬೆಲೆಬಾಳುವ ಮಾದರಿಯನ್ನು ವಿದೇಶಕ್ಕೆ ಒಯ್ದು ಮರಳಿ ತರುವವರು, ಹೊರಡುವಾಗಲೇ ವಿಮಾನ ನಿಲ್ದಾಣದ ಸುಂಕ ಅಧಿಕಾರಿಗಳಿಗೆ ವಸ್ತುವನ್ನು ತೋರಿಸಿ ರಫ್ತು ಪ್ರಮಾಣ ಪತ್ರ ಪಡೆದುಕೊಳ್ಳತಕ್ಕದ್ದು. ಇಲ್ಲವಾದಲ್ಲಿ ಮರಳಿ ಬರುವಾಗ ಅದನ್ನು ವಿದೇಶದಲ್ಲಿ ಖರೀದಿಸಿದ್ದೆಂದು ಪರಿಗಣಿಸಿ ಸುಂಕ ಕೇಳುವ ಸಂಭವವಿದೆ. ಈ ಪತ್ರ ಪಡೆಯುವ ಮೊದಲೇ ಪೆಟ್ಟಿಗೆಯನ್ನು ಕೌಂಟರಿನಲ್ಲಿ ಒಪ್ಪಿಸಿಬಿಟ್ಟರೆ ತೋರಿಸಲು ವಸ್ತುವೇ ಇರುವುದಿಲ್ಲವೆಂಬುದನ್ನು ಗಮನಿಸಿ. ಮಾರ್ಗ ಮಧ್ಯೆ ವಿಮಾನ ಬದಲಿಸುವವರಿಗೆ ಆ ದೇಶದ ತಪಾಸಣೆಯೂ ಅನ್ವಯಿಸುತ್ತದೆ. ಉಗಿ ಎಂಜಿನ್ನಿಗೆ ಹಾಕುವ ಗಟ್ಟಿ ಎಣ್ಣೆಯ ಶೀಸೆಯೂ 100 ಮಿಲಿಲೀಟರಿನ ದ್ರವ ಮಿತಿಗೆ ಒಳಪಡುತ್ತದೆ.

ಇನ್ನೊಂದು ಅಂಶವನ್ನು ಬಹಳ ಮಂದಿ ತಿಳಿದಿಲ್ಲ. ಪುರಾತನ ವಸ್ತುಗಳು ಮತ್ತು ಕಲಾ ನಿಕ್ಷೇಪಗಳ ಅಧಿನಿಯಮ, 1972ರ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದಷ್ಟು ಹಳೆಯದಾದ ಕರಕುಶಲ ಅಥವಾ ಐತಿಹಾಸಿಕ ಆಸಕ್ತಿಯ ವಸ್ತುವು ಪುರಾತನ ವಸ್ತುವೆನಿಸಬಹುದು, ಅದನ್ನು ಖಾಸಗಿ ವ್ಯಕ್ತಿಗಳು ದೇಶದ ಹೊರಗೆ ಒಯ್ಯುವಂತಿಲ್ಲ. ಹಾರ್ನ್‌ಬಿ ಹೆಸರಿನ ಆಟಿಕೆ ರೈಲುಗಳು ಮಾರುಕಟ್ಟೆಗೆ ಬಂದದ್ದು 1920ರಲ್ಲಿ. ಅಜ್ಜನ ಕಾಲದ ಪೆಟ್ಟಿಗೆಯಲ್ಲಿ ಉಳಿದಿರುವ ಮೊದಲ ಮಾದರಿಗಳಿಗೆ ಈಗಾಗಲೇ ಶತಮಾನ ತುಂಬಿದೆ. ಅನುಮಾನವಿದ್ದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಬೆಂಗಳೂರು ವಲಯ ಕಚೇರಿಯನ್ನು ಸಂಪರ್ಕಿಸಿ, ವಸ್ತುವು ಪುರಾತನವಲ್ಲವೆಂಬ ಪ್ರಮಾಣ ಪತ್ರದ ಬಗ್ಗೆ ವಿಚಾರಿಸತಕ್ಕದ್ದು. ಇದೊಂದು ಮಾತ್ರ ಅರ್ಜಿ ಹಾಕಿ ಪಡೆಯಬೇಕಾದ ಪತ್ರ. ಪ್ರಯಾಣದ ವಾರದಲ್ಲಿ ಅಲ್ಲ, ಸಾಕಷ್ಟು ಮೊದಲೇ.

ಸಾಮಾನು ಕಳೆದುಹೋದಲ್ಲಿ ಅಥವಾ ಹಾನಿಗೊಂಡಲ್ಲಿ ನಿಲ್ದಾಣವನ್ನು ಬಿಟ್ಟು ಹೊರಡುವ ಮೊದಲೇ ವಿಮಾನಯಾನ ಸಂಸ್ಥೆಗೆ ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯತಕ್ಕದ್ದು. ಉತ್ತರ ಬಾರದಿದ್ದಲ್ಲಿ ನಾಗರಿಕ ವಿಮಾನಯಾನ ಸಚಿವಾಲಯದ 'ಏರ್‌ಸೇವಾ' ಪೋರ್ಟಲ್ಲಿನಲ್ಲಿ ದೂರು ದಾಖಲಿಸಬಹುದು. ಕೈಯಿಂದ ಮಾಡಿದ ಎಂಜಿನ್ನಿಗೆ ರಸೀದಿ ಇಲ್ಲದಿರುವುದರಿಂದ, ತಯಾರಿಕೆಯ ಹಂತಗಳ ದಿನಾಂಕ ಸಹಿತ ಛಾಯಾಚಿತ್ರಗಳನ್ನೂ ಸಾಮಗ್ರಿ ಖರೀದಿಯ ಬಿಲ್ಲುಗಳನ್ನೂ ಜೋಪಾನವಾಗಿ ಇಟ್ಟುಕೊಂಡು, ದೂರಿನೊಂದಿಗೆ ಅವುಗಳ ಪ್ರತಿಗಳನ್ನು ಲಗತ್ತಿಸತಕ್ಕದ್ದು.